ತೂಕ ಕೊಡುತ್ತದೆ

ಮೊದಲು ನಾನು ಬರೆದದ್ದು ಎರಡೇ ಪದ:
"ತೂಕ ಕೊಡುತ್ತದೆ."
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಟಾದ ಪಕ್ಕದ ಗಾಜಿನ ಕೋಣೆಯೊಳಗೆ ಕೂತು,
ಊಟದ ಗಂಟೆಯ ಅವಸರದಲ್ಲಿ.
ಇದನ್ನೆಲ್ಲ ಯಾರು ಓದುತ್ತಾರೆ ಅಂದುಕೊಂಡಿದ್ದೆ.

ಓದಿತು.
ಲೆಕ್ಕಕ್ಕೆಂದು ಹೊಸದಾಗಿ ಕೂರಿಸಿದ ಏಜೆಂಟು,
ಗೋದಾಮಿನ ಹೊಟ್ಟಿನ ಧೂಳಿಗೆ ಒಮ್ಮೆಯೂ ಸೀನದ್ದು,
ನನ್ನೆರಡು ಪದ ನಂಬಿ
ಸುಂಟಿಕೊಪ್ಪದಿಂದ ಬಂದ ಇನ್ನೂರ ಹನ್ನೆರಡು ಮೂಟೆ ಚೆರ್ರಿಗೆ
ಗೋಣಿ ಸಮೇತ ಬಿಲ್ಲು ಹರಿಯಿತು.
ನೂರ ನಲವತ್ತೆಂಟು ಕಿಲೋ ಗೋಣಿತಾಟು
ಕಾಫಿಯ ದರದಲ್ಲಿ.

ಮ್ಯಾನೇಜರ್ ಪೆಮ್ಮಯ್ಯ ಬಯ್ಯಲಿಲ್ಲ.
ಬಿಲ್ಲಿನ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು
"ಅದರ ತಪ್ಪೇನಿಲ್ಲ ದೇಚು,
ಕೊಡುತ್ತದೆ ಅಂದೆ, ತಗೊಂಡಿತು" ಅಂದರು.
ಬೈದಿದ್ದರೆ ಚೆನ್ನಾಗಿತ್ತು.

ಮೂವತ್ತೊಂದು ವರ್ಷ ಕಾಟಾದ ಮುಂದೆ ನಿಂತ
ಮೊಯ್ದುಕಾಕನ ಹತ್ತಿರ ನೋಟ್‌ಬುಕ್ ಹಿಡಿದು ಹೋದೆ.
ಗೋಣಿ ಕಳೆಯಬೇಕು ಅಂತ ಎಲ್ಲಿ ಬರೆದಿದೆ, ಕಾಕಾ?
"ಬರೆಯೋದು ಯಾಕೆ? ಗೊತ್ತಿರೋದೇ ಅಲ್ವಾ."
ಲಾರಿ ಇಳಿದ ಕೂಡಲೇ ತೂಗಬಾರದು ಅಂತ?
"ಗೊತ್ತಿರೋದೇ ಅಲ್ವಾ."
ಪಾರ್ಚ್‌ಮೆಂಟಿಗೆ ಬೇರೆ ಕಲಮು, ಚೆರ್ರಿಗೆ ಬೇರೆ?
ಬೀಡಿ ಆರಿಸಿ ನಕ್ಕರು.

ಗೊತ್ತಿರೋದೇ ಅಲ್ವಾ.
ಆ ಮಾತಿನ ಅಡಿಯಲ್ಲಿ ಇಡೀ ಕಸುಬು
ಅಟ್ಟಿ ಹಾಕಿದ ಹಾಗೆ ಕೂತಿತ್ತು,
ಒಂದು ಮೂಟೆ ಎಳೆದರೆ ಹತ್ತು ಉರುಳುತ್ತವೆ.

ಹೊಸ ಹುಡುಗನಾದರೆ ತಲೆ ಕೆರೆದುಕೊಳ್ಳುತ್ತಾನೆ,
ಪಕ್ಕದವನ ಕೈ ನೋಡಿ ಕಲಿಯುತ್ತಾನೆ.
ಇದಕ್ಕೆ ಪಕ್ಕವೇ ಇಲ್ಲ.
ನಾನು ಬರೆದ ಸಾಲಿನ ಅಂಚಿನಲ್ಲಿ ಅದರ ಲೋಕ ಮುಗಿಯುತ್ತದೆ,
ಆಚೆಗೆ ಕತ್ತಲು.
ಆ ಕತ್ತಲಲ್ಲಿ ಅದು ತಡವರಿಸುವುದೂ ಇಲ್ಲ,
ನಡೆದೇ ಬಿಡುತ್ತದೆ.

ಹನ್ನೊಂದು ದಿನ ಬರೆದೆ, ಅಳಿಸಿದೆ.
"ಸರಿಯಾದ ತೂಕ" ಅಂತ ಬರೆದು ಹೊಡೆದು ಹಾಕಿದೆ,
ಸರಿ ಅಂದರೆ ಯಾರ ಸರಿ?
"ಸಾಮಾನ್ಯವಾಗಿ", "ಸುಮಾರು", "ಬೇಕಾದಾಗ",
ಈ ಮೂರನ್ನೂ ಗುಡಿಸಿ ಆಚೆ ಹಾಕಿದೆ,
ನನ್ನ ಮಾತಿನ ಅರ್ಧ ಅವೇ ಇದ್ದವು ಅಂತ
ಆಗಲೇ ಗೊತ್ತಾಗಿದ್ದು.

ಕೊನೆಗೆ ಉಳಿದದ್ದು:
ಇದು ಮೂಟೆಯ ತೂಕ ಹೇಳುತ್ತದೆ, ಕಿಲೋಗಳಲ್ಲಿ.
ಗೋಣಿಯೂ ಸೇರಿದೆ. ಒಂದಕ್ಕೆ ಏಳುನೂರು ಗ್ರಾಂ ಕಳೆ.
ಲಾರಿ ನಿಂತು ಇಪ್ಪತ್ತು ನಿಮಿಷ ಆಗದೆ ಕೇಳಬೇಡ.
ಸೊನ್ನೆ ಬಂದರೆ ಮೂಟೆ ಖಾಲಿ ಎಂದಲ್ಲ, ಕಾಟಾ ಕೆಟ್ಟಿದೆ.
ಬಿಲ್ಲು ಬರೆಯುವುದು ಇದರ ಕೆಲಸವಲ್ಲ, ಅದಕ್ಕೆ ಬೇರೆ ಇದೆ.

ಓದಿ ಹೇಳಿದೆ. ಕಾಕ ಕೇಳಿಸಿಕೊಂಡು,
ಒಂದು ಮೂಟೆಯ ಬಾಯಿ ಬಿಚ್ಚಿ
ಮೊಣಕೈವರೆಗೆ ಕೈ ಇಳಿಸಿದರು. ಕಣ್ಣು ಮುಚ್ಚಿತ್ತು.
"ಒಳಗೆ ಹಸಿ ಇದೆ. ಮೇಲೆ ಮಾತ್ರ ಒಣಗಿಸಿದ್ದಾರೆ.
ಇದನ್ನ ಹೇಗೆ ಬರೀತೀಯ, ಬರಿ ನೋಡುವಾ."

ನನಗೆ ಬರೆಯಲು ಬರಲಿಲ್ಲ.
ಬರಲಿಲ್ಲ ಅನ್ನುವುದನ್ನು ಬರೆದೆ:
ಒಳಗಿನ ಹಸಿ ಈ ಸಲಕರಣೆಗೆ ತಿಳಿಯದು. ಊಹಿಸಬೇಡ.
ಮೊಯ್ದು ಅವರನ್ನು ಕೇಳು. ಬೆಳಿಗ್ಗೆ ಎಂಟರ ನಂತರ.
ಶುಕ್ರವಾರ ಮಧ್ಯಾಹ್ನ ಸಿಗುವುದಿಲ್ಲ.

ಮರುದಿನ ಬಂದು ನೋಡಿದರೆ ದಾಖಲೆಯಲ್ಲಿ,
ರಾತ್ರಿ ಎರಡೂ ಕಾಲಕ್ಕೆ, ಪೊಲಿಬೆಟ್ಟದ ಲೋಡು:
"ತೂಕ ಆಗಿದೆ. ಗೋಣಿ ಕಳೆದಿದೆ.
ಹಸಿಯ ವಿಷಯ ಬಾಕಿ. ಎಂಟಕ್ಕೆ ಕೇಳುತ್ತೇನೆ."

ಕಾಕ ಕನ್ನಡಕ ಏರಿಸಿ ಎರಡು ಸಲ ಓದಿದರು.
ಗೋಡೆಯ ಗಡಿಯಾರ ಏಳು ಐವತ್ತು.
"ಪಾಪ" ಅಂದರು, "ಆವಾಗಿಂದ ಕಾಯ್ತಾ ಇದೆಯಾ?"
ಚಹಾ ಅರ್ಧಕ್ಕೇ ಬಿಟ್ಟು ಎದ್ದು
ತೋಳು ಮಡಿಸುತ್ತಾ ಅಟ್ಟಿಯ ಕಡೆ ಹೋದರು.